ಕೆಂಪು ಡಬ್ಬಿಯ ಅತ್ತೆ

ನಮ್ಮ ಅತ್ತೆಯನ್ನು ನಾನು ಮೊದಲು ಕಂಡದ್ದು ಗಿರಾಕಿಯಾಗಿ. ಆಗ ನಾನು ಬಣ್ಣದ ಅಂಗಡಿಯೊಂದರ ಕೌಂಟರಿನ ಹಿಂದೆ ನಿಂತು ಪ್ರೈಮರು, ಥಿನ್ನರು, ಬ್ರಷ್ಷು ಮಾರುತ್ತಿದ್ದೆ. ಒಂದು ಬೆಳಿಗ್ಗೆ, ಇನ್ನೂ ಕಸ ಗುಡಿಸಿ ಮುಗಿದಿರಲಿಲ್ಲ, ಕುಳ್ಳಗೆ ಗಟ್ಟಿಮುಟ್ಟಾದ ಹೆಂಗಸೊಬ್ಬರು ಒಳಗೆ ಬಂದು ಬೆಂಕಿಪೊಟ್ಟಣವೊಂದನ್ನು ಕೌಂಟರಿನ ಮೇಲಿಟ್ಟರು. ಒಳಗೆ ಕಡ್ಡಿಗಳ ಬದಲು ಬಣ್ಣದ ಚಕ್ಕೆಗಳಿದ್ದವು, ಒಂದೊಂದೂ ಉಗುರಿನಷ್ಟು.

"ಇದಕ್ಕೆ ಯಾವ ರಿಮೂವರ್ ಕೊಡ್ತೀಯ?"

ಹಳೇ ಬಣ್ಣವನ್ನು ಎಬ್ಬಿಸಿ ತೆಗೆಯುವ ಔಷಧಿಗೆ ಎಲ್ಲರೂ ರಿಮೂವರ್ ಅಂತಲೇ ಅನ್ನುವುದು. ನಾನು ಕೈಗೆ ಸಿಕ್ಕ ಡಬ್ಬಿ ತೆಗೆದು ಅದರ ಮೇಲೆ ಬರೆದದ್ದನ್ನು ಜೋರಾಗಿ ಓದತೊಡಗಿದೆ.

"ಓದೋಕೆ ನನಗೂ ಬರತ್ತಮ್ಮ. ನಿನಗೇನು ಗೊತ್ತು, ಅದನ್ನ ಹೇಳು."

ನನಗೆ ಗೊತ್ತಿದ್ದದ್ದು ಸೊನ್ನೆ. ಅವರು ನನ್ನಿಂದಲೇ ಹತ್ತಿ ತರಿಸಿ, ಒಂದು ಚಕ್ಕೆಯ ಮೇಲೆ ಸ್ಪಿರಿಟ್ ಉಜ್ಜಿದರು. ಅದು ಅಂಟಂಟಾದರೆ ಹಳೇ ಮರದ ಪಾಲಿಶು. ಆಗಲಿಲ್ಲ. ಥಿನ್ನರ್ ಉಜ್ಜಿದರು. ಕರಗಿ ಹತ್ತಿಗೆ ಹತ್ತಿದರೆ ಲ್ಯಾಕರ್, ಸುಕ್ಕುಗಟ್ಟಿದರೆ ಎನಾಮಲ್. ಎರಡೂ ಆಗದೆ ಚಕ್ಕೆ ಜಪ್ಪಯ್ಯ ಅನ್ನದೆ ಹಾಗೇ ಕೂತಿದ್ದರೆ ಅದು ಗಟ್ಟಿಕಾರಕ ಬೆರೆಸಿ ಹೊಡೆದ ಕಾರಿನ ಬಣ್ಣ. ನಮ್ಮ ಚಕ್ಕೆ ಸುಕ್ಕಾಯಿತು.

"ನೋಡು, ಮೊದಲು ಅದನ್ನ ಕೇಳ್ಬೇಕು, ಆಮೇಲೆ ತೆಗೀಬೇಕು. ಕೇಳದೆ ಕೈ ಹಾಕಿದ್ರೆ ಬಣ್ಣದ ಜೊತೆ ಮರಾನೂ ಎದ್ದು ಬರತ್ತೆ" ಅಂದು, ಕೊನೆಗೆ ತಾವೇ ಒಳಗಿನ ಕಪಾಟಿನಿಂದ ಎಲ್ಲಕ್ಕಿಂತ ಖಾರವಾದ ರಿಮೂವರಿನ ಕೆಂಪು ಡಬ್ಬಿ ಎಳೆದುಕೊಂಡರು. ಅಷ್ಟೆಲ್ಲ ಪರೀಕ್ಷೆ ಮಾಡಿ ಕೆಂಪು ಡಬ್ಬಿಯನ್ನೇ ಒಯ್ದದ್ದು ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು, ಪರೀಕ್ಷೆ ಏನೇ ಹೇಳಲಿ, ಅವರು ಒಯ್ಯುವುದು ಅದನ್ನೇ. ಪರೀಕ್ಷೆ ಅವರ ಕುತೂಹಲಕ್ಕೆ, ಡಬ್ಬಿ ಅಭ್ಯಾಸಕ್ಕೆ.

ಆಮೇಲೆ ವಾರಕ್ಕೊಮ್ಮೆ ಬರುತ್ತಿದ್ದರು. ಅವರಿಗೆ ಕೈ ತುಂಬ ಕೆಲಸವಿದ್ದಾಗ ಅವರ ಮಗ ಬರುತ್ತಿದ್ದರು. ಮಗ ಎರಡು ಸಲ ಡಬ್ಬಿಯನ್ನು ಕೌಂಟರಿನ ಮೇಲೇ ಮರೆತು ಹೋದರು. ಮೂರನೇ ಸಲ ತಾಯಿಯೇ ಬಂದು, "ಇವನಿಗೆ ಮರೆವಿನ ರೋಗ ಇಲ್ಲ, ಬೇರೆ ಏನೋ ಇದೆ" ಅಂದರು. ಮದುವೆಯ ಮಾತಿಗೆ ಕೂತಾಗ ಅವರು ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ವಾಸನೆಗೆ ತಲೆನೋವು ಬರತ್ತಾ ನಿನಗೆ?"

ಇಲ್ಲ ಅಂದೆ. ಆಗ ಬರುತ್ತಿರಲಿಲ್ಲ.

ಅತ್ತೆಯ ಕೆಲಸ ಬಣ್ಣ ತೆಗೆಯುವುದು. ಮಾವ ಕಾರಿನ ಪೇಂಟರ್ ಆಗಿದ್ದರು. ಅವರು ಹಚ್ಚುವ ಮೊದಲು ಹಳೆಯದನ್ನು ಕೆರೆದು ಕೊಡುತ್ತಿದ್ದವರು ಇವರು. ಮದುವೆಯಾದ ಹೊಸದರಲ್ಲಿ ಊಟ ಕೊಡಲು ಶೆಡ್ಡಿಗೆ ಹೋದವರು, ಮಾವ ಅರ್ಧಕ್ಕೆ ಬಿಟ್ಟಿದ್ದ ಬಾಗಿಲೊಂದನ್ನು ಸುಮ್ಮನೆ ಕೆರೆಯತೊಡಗಿ, ಅವರು ಉಂಡು ಕೈ ತೊಳೆಯುವಷ್ಟರಲ್ಲಿ ಮುಗಿಸಿಬಿಟ್ಟಿದ್ದರಂತೆ. ಮಾವ ತೀರಿಕೊಂಡ ಮೇಲೆ ಹಚ್ಚುವ ಕೆಲಸ ನಿಂತಿತು, ತೆಗೆಯುವ ಕೆಲಸ ಉಳಿಯಿತು. "ಹಚ್ಚೋರು ಊರ ತುಂಬ ಇದಾರೆ. ತೆಗೆಯೋಳು ನಾನೊಬ್ಬಳೇ" ಅನ್ನುತ್ತಿದ್ದರು. ಕಾರಿನ ಬಾನೆಟ್ಟು, ಡಿಕ್ಕಿ, ಮರದ ಕುರ್ಚಿ, ಕಪಾಟು, ಕಿಟಕಿ, ಎಲ್ಲವೂ ಬರುತ್ತಿದ್ದವು. ಪಕ್ಕದ ಶೆಡ್ಡಿನಲ್ಲಿ ನಗ್ಗಿದ ತಗಡು ತಟ್ಟಿ ನೇರ ಮಾಡುವ ಟಿಂಕರಣ್ಣ ಅವರಿಗೆ ಸುಲಿಗೆಯಕ್ಕ ಅಂತ ಹೆಸರಿಟ್ಟಿದ್ದ.

"ಏನ್ ಸುಲಿಗೆಯಕ್ಕ, ಇವತ್ತು ಯಾರನ್ನ ಸುಲಿದ್ರಿ?"

"ನಿನ್ನನ್ನೇ ಸುಲೀಬೇಕು ಅಂತಿದೀನಿ. ಏನ್ ಮಾಡ್ಲಿ, ದಪ್ಪ ಚರ್ಮಕ್ಕೆ ಔಷಧಿ ಸಿಗ್ತಿಲ್ಲ."

ಇಷ್ಟು ವರ್ಷ ಕೆರೆದು ಕೆರೆದು ಅವರ ಬೆರಳ ತುದಿಗಳು ನುಣುಪಾಗಿಬಿಟ್ಟಿವೆ. ನನ್ನವರು ಕೊಡಿಸಿದ ಮೊಬೈಲು ಬೆರಳೊತ್ತಿದರೆ ತೆರೆಯುವಂಥದ್ದು. ಅವರ ಹತ್ತು ಬೆರಳಿನಲ್ಲಿ ಒಂದಕ್ಕೂ ಅದು ತೆರೆಯಲಿಲ್ಲ. "ನನ್ನ ಗುರುತು ಅದಕ್ಕೂ ಇಲ್ಲವಂತೆ" ಅಂದು ಅದನ್ನು ಡಬ್ಬಿಗಳ ನಡುವೆ ಎಲ್ಲೋ ಇಟ್ಟರು. ಅದು ಅಲ್ಲೇ ರಿಂಗಾಗುತ್ತಿರುತ್ತದೆ.

ಮನೆಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ರಸ್ತೆಗೆ ಶೆಡ್ಡು. ಶೆಡ್ಡಿನ ಹಿಂದೆ ಒಂದು ಬಾಗಿಲು. ಬಾಗಿಲು ದಾಟಿ ಎರಡು ಮೆಟ್ಟಿಲು ಇಳಿದರೆ ನಮ್ಮ ಕೋಣೆ, ಅದರಾಚೆ ಅಡುಗೆಮನೆ. ಪಕ್ಕದಲ್ಲಿ ಒಂದು ಓಣಿ, ಮರದ ಕಪಾಟು ಹೊತ್ತು ಸಾಗಿಸುವಷ್ಟು ಅಗಲ. ನನ್ನವರು ದೂರದ ಲಾರಿ ಓಡಿಸುತ್ತಾರೆ, ವಾರದಲ್ಲಿ ಎರಡು ದಿನ ಮನೆಯಲ್ಲಿ ಇದ್ದರೆ ಹೆಚ್ಚು. ಹಗಲೆಲ್ಲ ನಾನು, ಹತ್ತು ತಿಂಗಳ ಮಗಳು, ಬಾಗಿಲಿನಾಚೆ ಅತ್ತೆ. ಮಧ್ಯಾಹ್ನ ಮೂರಕ್ಕೆ ಅತ್ತೆ ಕೈ ಕಾಲು ತೊಳೆದು, ಸೀರೆ ಬದಲಿಸಿ, ಕೂದಲು ಬಿಚ್ಚಿ ಗಾಳಿಗೆ ಕೊಡವಿ, ಆಮೇಲೆ ಮಗಳನ್ನು ಎತ್ತಿಕೊಳ್ಳುತ್ತಾರೆ. ಅದಕ್ಕೆ ಮೊದಲು ಮುಟ್ಟುವುದಿಲ್ಲ. ಆ ಒಂದು ಗಂಟೆಗಾಗಿಯೇ ಅವರು ಬೆಳಗಿನಿಂದ ಕೆಲಸ ಓಡಿಸುತ್ತಾರೆ ಅಂತ ನನಗೆ ಗೊತ್ತಿತ್ತು.

ಈ ವರ್ಷ ಚಳಿ ಶುರುವಾದಾಗ ಬ್ರೆಡ್ಡಣ್ಣನ ವ್ಯಾನು ಬಂತು. ಅವರಪ್ಪ ಮನೆಮನೆಗೆ ಬ್ರೆಡ್ಡು ಹಾಕುತ್ತಿದ್ದ ವ್ಯಾನು. ಎಷ್ಟೋ ವರ್ಷ ಗೋಡೌನಿನಲ್ಲಿ ಮಲಗಿತ್ತು. ಮುಂಭಾಗ ಉಕ್ಕು, ಹಿಂದಿನ ಪೆಟ್ಟಿಗೆ ಮತ್ತು ಬಾಗಿಲುಗಳ ಚೌಕಟ್ಟು ಮರ. ಅವನಿಗೆ ಅದನ್ನು ಮತ್ತೆ ರಸ್ತೆಗಿಳಿಸಬೇಕಿತ್ತು.

"ಮೂರು ವಾರ ಸಾಕಾ ಅಮ್ಮ?"

ಅತ್ತೆ ವ್ಯಾನಿನ ಸುತ್ತ ಒಂದು ಸುತ್ತು ಹಾಕಿ, ಮರದ ಮೇಲೆ ಉಗುರು ಆಡಿಸಿ, ಉಕ್ಕಿನ ಮೇಲೆ ಹತ್ತಿ ಆಡಿಸಿ ಬಂದರು. "ಮರದ್ದು ಹಳೇ ಎನಾಮಲ್ಲು. ಉಕ್ಕಿಗೆ ಆಮೇಲೆ ಯಾರೋ ಗಟ್ಟಿಕಾರಕ ಹಾಕಿ ಹೊಡೆದಿದಾರೆ. ನಿಮ್ಮಪ್ಪ ಅಲ್ಲ, ನೀನೇ ಇರ್ಬೇಕು."

ಬ್ರೆಡ್ಡಣ್ಣ ತಲೆ ಕೆರೆದುಕೊಂಡ. "ಚೆನ್ನಾಗಿ ಕಾಣ್ಲಿ ಅಂತ..."

"ಮಾಡ್ದೋನು ಅನುಭವಿಸಬೇಕಾಗಿತ್ತು. ನಾನು ಅನುಭವಿಸ್ತಿದೀನಿ. ಮೂರು ವಾರ ಸಾಕು, ಹೋಗು."

ಕೆಂಪು ಡಬ್ಬಿ ಎಂಟು ಬಂದವು. ಹಚ್ಚಿ ಕಾಲು ಗಂಟೆ ಕಾದರೆ ಸಾಕು, ಬಣ್ಣ ಬೊಬ್ಬೆ ಎದ್ದು, ಕೆರೆಯುವ ತಗಡಿನ ಪಟ್ಟಿಯಿಂದ ತಳ್ಳಿದರೆ ಹಾಸಿಗೆ ಸುತ್ತಿದ ಹಾಗೆ ಸುರುಳಿಯಾಗಿ ಬರುತ್ತದೆ. ಅದನ್ನು ನೋಡುವುದೇ ಒಂದು ಸುಖ, ಸುಳ್ಳು ಹೇಳುವುದಿಲ್ಲ. ಅದರ ವಾಸನೆಯೂ ಕೆಟ್ಟದ್ದಲ್ಲ, ಸ್ವಲ್ಪ ಸಿಹಿ. ಚಳಿಗೆ ಅತ್ತೆ ಶೆಡ್ಡಿನ ಮುಂಬಾಗಿಲು ಎಳೆದುಕೊಂಡು ಕೆಲಸ ಮಾಡುತ್ತಿದ್ದರು. ಮೇಲೆ, ಗೋಡೆಯ ತುದಿಯಲ್ಲಿ, ಮಾವ ಕೂರಿಸಿದ ದೊಡ್ಡ ಫ್ಯಾನು ಸದಾ ತಿರುಗುತ್ತಿರುತ್ತದೆ. "ಫ್ಯಾನು ಇದೆಯಲ್ಲ" ಎಂಬುದು ಈ ಮನೆಯಲ್ಲಿ ಎಲ್ಲ ಆತಂಕಕ್ಕೂ ಉತ್ತರ.

ನಾನು ದಿನಚರಿ ಬರೆಯುವುದು ಮಗಳು ಹುಟ್ಟಿದ ಮೇಲೆ ಶುರುವಾದದ್ದು. ಎಷ್ಟು ಹೊತ್ತಿಗೆ ಹಾಲು, ಎಷ್ಟು ಹೊತ್ತು ನಿದ್ದೆ, ಯಾವ ಹಲ್ಲು, ಇಂಥದ್ದೇ. ವ್ಯಾನು ಬಂದ ಎರಡನೇ ವಾರ ಹಿಂದಿನ ಪುಟಗಳನ್ನು ತಿರುವುತ್ತಿದ್ದಾಗ ಕಣ್ಣಿಗೆ ಬಿತ್ತು. ಮೊದಲು ಮಗಳ ಬೆಳಗಿನ ನಿದ್ದೆ ಮುಕ್ಕಾಲು ಗಂಟೆ, ಒಂದು ಗಂಟೆ. ಈಗ ಎರಡೂವರೆ, ಮೂರು. ಮಂಗಳವಾರ ಮತ್ತೆ ಒಂದು ಗಂಟೆ. ಅಂದು ಅತ್ತೆ ಮದುವೆಗೆ ಹೋಗಿದ್ದರು, ಶೆಡ್ಡು ಮುಚ್ಚಿತ್ತು. ಬುಧವಾರ ಮತ್ತೆ ಮೂರು.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವಳು ಮಲಗಿದ ಹತ್ತು ನಿಮಿಷಕ್ಕೊಮ್ಮೆ ಹೋಗಿ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದೆ. ಒಲೆಯ ಮೇಲೆ ಹಾಲಿಟ್ಟು ಓಡಿಹೋಗಿ ನೋಡಿ ಬರುವಷ್ಟರಲ್ಲಿ ಹಾಲು ಉಕ್ಕುತ್ತಿತ್ತು. ಕಿಟಕಿ ತೆಗೆದರೆ ಚಳಿ, ಮುಚ್ಚಿದರೆ ಆ ಸಿಹಿ. ಮೂಗು ಅರಳಿಸಿ ಅರಳಿಸಿ ಕೊನೆಗೆ ವಾಸನೆ ಇದೆಯೋ ನನ್ನ ಭ್ರಮೆಯೋ ಅದೂ ತಿಳಿಯದಾಯಿತು. ನನಗೂ ಹಣೆಯ ಎರಡೂ ಕಡೆ ಹಿಡಿದುಕೊಂಡ ಹಾಗಾಗುತ್ತಿತ್ತು.

ಅತ್ತೆಗೆ ಹೇಳಿದೆ.

"ಮಗು ಚೆನ್ನಾಗಿ ನಿದ್ದೆ ಮಾಡ್ತಿದೆ ಅಂತ ಅಳೋ ತಾಯಿ ನೀನೊಬ್ಬಳೇ ಕಣೆ" ಅಂದರು.

"ಎಬ್ಬಿಸಿದ್ರೂ ಏಳಲ್ಲ ಅತ್ತೆ. ಎದ್ರೆ ಮಂಕಾಗಿರ್ತಾಳೆ."

"ನಿನ್ನ ಗಂಡ ಇದೇ ಶೆಡ್ಡಿನಲ್ಲಿ ಬೆಳೆದೋನು. ಅವನಿಗೇನಾಗಿದೆ?"

"ಅವರಿಗೆ ಡಬ್ಬಿ ಮರೆಯೋ ರೋಗ ಇತ್ತಲ್ಲ."

ಅತ್ತೆಗೆ ನಗು ಬಂತು, ಆದರೂ ಬಿಡಲಿಲ್ಲ. "ಬಾಗಿಲು ಮುಚ್ಚಿದೆ. ಫ್ಯಾನು ಇದೆ. ಇನ್ನೇನು?"

ಡಾಕ್ಟರಮ್ಮನ ಹತ್ತಿರ ಒಯ್ದೆ. ಮಗು ಚೆನ್ನಾಗಿದೆ ಅಂದರು. ಡಬ್ಬಿಯ ಮೇಲಿನ ಚೀಟಿಯ ಫೋಟೋ ತೋರಿಸಿದಾಗ ಮಾತ್ರ ಅವರ ಮುಖ ಬದಲಾಯಿತು. "ಇದರ ಆವಿ ಗಾಳಿಗಿಂತ ಭಾರ. ನೆಲಕ್ಕೆ ಇಳಿಯುತ್ತೆ. ಮಗು ಎಲ್ಲಿ ಆಡುತ್ತೆ?" ಅಂದರು.

ನೆಲದ ಮೇಲೆ, ಎರಡು ಮೆಟ್ಟಿಲು ಕೆಳಗೆ. ನಾನು ಮಗಳನ್ನು ಎತ್ತಿಕೊಂಡು ಸೀದಾ ಮನೆಗೆ ಬಂದೆ. ದಾರಿಯುದ್ದಕ್ಕೂ ಕಾಲು ನನ್ನ ಮಾತು ಕೇಳದೆ ಬೇಗ ಬೇಗ ಹೋಗುತ್ತಿತ್ತು. ಕಪಾಟಿನಲ್ಲಿ ಇಂಥ ನೂರು ಡಬ್ಬಿ ಜೋಡಿಸಿದವಳು ನಾನು. ಚೀಟಿಯನ್ನು ಗಿರಾಕಿಗಳಿಗೆ ಗಟ್ಟಿಯಾಗಿ ಓದಿ ಹೇಳಿದವಳು ನಾನು. ಒಂದು ಸಲವಾದರೂ ನನಗೆಂದು ಓದಿಕೊಂಡಿರಲಿಲ್ಲ.

ನನ್ನವರಿಗೆ ಫೋನು ಮಾಡಿ ಹೇಳಿಬಿಟ್ಟೆ, ಆ ಡಬ್ಬಿ ಈ ಮನೆಯಿಂದ ಹೋಗಬೇಕು, ಇಲ್ಲದಿದ್ದರೆ ಮಗಳನ್ನು ಕರೆದುಕೊಂಡು ನಾನು ಹೋಗುತ್ತೇನೆ, ಅಕ್ಕನ ಮನೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಇದೆ. ಅವರು ಲಾರಿ ಪಕ್ಕಕ್ಕೆ ನಿಲ್ಲಿಸಿದ ಸದ್ದು ಕೇಳಿಸಿತು. "ಅಮ್ಮನಿಗೆ ನೀನೇ ಹೇಳು. ನಾನು ಹೇಳಿದ್ರೆ ಅವಳು ನನ್ನ ಮಾತು ಅಂತ ತಳ್ಳಿಹಾಕ್ತಾಳೆ" ಅಂದರು.

ಹೇಳಿದೆ. ಅತ್ತೆ ಕೈಯಲ್ಲಿದ್ದ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ ಒರೆಸಿ, ಕೊನೆಗೆ ಅಂದರು: "ಅಂದ್ರೆ ನಾನು ನನ್ನ ಮೊಮ್ಮಗಳಿಗೆ ವಿಷ ಹಾಕ್ತಿದೀನಿ."

"ನಾನು ಹಾಗೆ ಅಂದ್ನಾ?"

"ಅನ್ನೋದು ಬೇರೆ ಹೇಗೆ?"

ಅವತ್ತು ಮೂರಕ್ಕೆ ಅವರು ಕೈಕಾಲು ತೊಳೆದು ಬಂದರು, ಮಗಳ ಹತ್ತಿರ ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ದೂರದಿಂದ ನೋಡಿದರು. ಮಗಳು ಕೈ ಚಾಚಿ ಅಳತೊಡಗಿದಳು. ನಾನೇ ಎತ್ತಿ ಅವರ ಕೈಗೆ ಕೊಟ್ಟೆ. ತೆಗೆದುಕೊಂಡರು, ಆದರೆ ನನ್ನ ಮುಖ ನೋಡಲಿಲ್ಲ.

ಎರಡು ದಿನ ಹೀಗೇ ಕಳೆಯಿತು. ಅತ್ತೆ ಬಾಗಿಲ ಸಂದಿಗೆ ಹಳೇ ಬಟ್ಟೆ ತುರುಕಿದರು. ಕೆಲಸ ಮಾತ್ರ ನಿಲ್ಲಲಿಲ್ಲ. ನನಗೆ ಒಂದು ವಿಷಯ ಕೊರೆಯುತ್ತಿತ್ತು. ಫ್ಯಾನು ಹೊರಗೆ ಎಳೆಯುತ್ತಿದ್ದರೆ ನಮ್ಮ ಕೋಣೆಯ ಗಾಳಿ ಆ ಕಡೆ ಹೋಗಬೇಕು, ಆ ಕಡೆಯದು ಇಲ್ಲಿಗೆ ಬರಬಾರದು. ಹಾಗಿದ್ದರೆ ಈ ವಾಸನೆ ಎಲ್ಲಿಂದ?

ಶುಕ್ರವಾರ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಬಂದು, ಬಾಗಿಲ ಸಂದಿಯ ಬಟ್ಟೆ ಕಿತ್ತು, ಮೂಗೊರೆಸುವ ತೆಳು ಕಾಗದವನ್ನು ಸೀಳಿ, ಒಂದು ಪಟ್ಟಿಯನ್ನು ಬಾಗಿಲಿನ ಅಡಿಗೆ, ನಮ್ಮ ಕಡೆಯಿಂದ, ಇಳಿಬೀಳುವ ಹಾಗೆ ಅಂಟಿಸಿದೆ. ಪಟ್ಟಿ ನಮ್ಮ ಕೋಣೆಯೊಳಕ್ಕೆ ಬಾಗಿ ಪಟಪಟ ಅನ್ನತೊಡಗಿತು.

ಅತ್ತೆಯನ್ನು ಕರೆದೆ. "ಏನದು ಆಟ?" ಅನ್ನುತ್ತ ಬಂದರು. ಮಂಡಿಯೂರಿ ನೋಡಿದರು. ಎದ್ದು ಹೋಗಿ ಫ್ಯಾನಿನ ಸ್ವಿಚ್ಚು ಆರಿಸಿದರು. ಪಟ್ಟಿ ನೆಟ್ಟಗೆ ಇಳಿಬಿತ್ತು. ಹಾಕಿದರು, ಒಳಕ್ಕೆ ಬಾಗಿತು. ಮತ್ತೆ ಆರಿಸಿದರು, ಮತ್ತೆ ಹಾಕಿದರು. ನಾಲ್ಕು ಸಲ.

ಆಮೇಲೆ ಏಣಿ ಹಾಕಿ ಅವರೇ ಹತ್ತಿ, ಫ್ಯಾನಿನ ಮುಂದೆ ಅಂಗೈ ಹಿಡಿದರು. ಗಾಳಿ ಮುಖಕ್ಕೆ ಬಡಿದು ಅವರ ನೆರೆತ ಕೂದಲು ಹಿಂದಕ್ಕೆ ಹಾರಿತು. ಆ ಫ್ಯಾನು ಹೊರಗಿನ ಗಾಳಿಯನ್ನು ಶೆಡ್ಡಿನೊಳಕ್ಕೆ ಊದುತ್ತಿತ್ತು.

ಅದು ಮಾವನ ಅಜಾಗರೂಕತೆ ಅಲ್ಲ. ಹಸಿ ಬಣ್ಣದ ಮೇಲೆ ಧೂಳು ಕೂರಬಾರದಲ್ಲ, ಅದಕ್ಕೆ ಕಾರಿನ ಪೇಂಟರು ಬಟ್ಟೆಯಲ್ಲಿ ಸೋಸಿದ ಗಾಳಿಯನ್ನು ಒಳಕ್ಕೆ ಊದಿಸುತ್ತಾರೆ. ಒಳಗೆ ಗಾಳಿ ಒತ್ತಿ ತುಂಬಿದ್ದರೆ ಸಂದಿಗಳಿಂದ ಧೂಳು ನುಗ್ಗುವುದಿಲ್ಲ. ಒಳಗಿನದೇ ಹೊರಗೆ ಹೋಗುತ್ತದೆ. ಹಚ್ಚುವುದಕ್ಕೆ ಅದು ಸರಿಯಾದ ಫ್ಯಾನು. ಹಚ್ಚುವವರು ಹೋಗಿ ಆರು ವರ್ಷವಾಗಿತ್ತು. ಅದೇ ಗಾಳಿಯಲ್ಲಿ ಇವರು ತೆಗೆಯುತ್ತಲೇ ಇದ್ದರು. ಬಟ್ಟೆ ಹರಿದದ್ದನ್ನು ಬದಲಿಸುತ್ತಿದ್ದರು, ಫ್ಯಾನಿಗೆ ಎಣ್ಣೆ ಬಿಡುತ್ತಿದ್ದರು, ದಿಕ್ಕು ಮಾತ್ರ ನೋಡಿರಲಿಲ್ಲ. ಒತ್ತಿದ ಗಾಳಿ ಹೊರಗೆ ಹೋಗಲು ಹುಡುಕಿಕೊಂಡ ದಾರಿ ನಮ್ಮ ಬಾಗಿಲಿನ ಸಂದಿ, ಆಮೇಲೆ ಎರಡು ಮೆಟ್ಟಿಲು.

ಏಣಿಯ ಮೇಲೇ ನಿಂತು ಅತ್ತೆ ಕೇಳಿದರು: "ಅವರು ಹಾಕಿದ್ದು ತಪ್ಪಾ?"

"ತಪ್ಪಲ್ಲ ಅತ್ತೆ. ಅವರ ಕೆಲಸಕ್ಕೆ ಅದೇ ಸರಿ. ನಿಮ್ಮ ಕೆಲಸಕ್ಕೆ ಅಲ್ಲ, ಅಷ್ಟೇ."

ಇಳಿದು ಬಂದು ಡಬ್ಬಿಯ ಮುಚ್ಚಳ ಬಿಗಿದು, ಅದರ ಮೇಲೇ ಕೂತರು. ಮೊಣಕಾಲಿನ ಮೇಲೆ ಅಂಗೈ ಉಜ್ಜತೊಡಗಿದರು. ನನಗೆ ಏನಾದರೂ ಹೇಳಬೇಕು ಅನ್ನಿಸಿ ಬಾಯಿಗೆ ಬಂದದ್ದು, "ಫ್ಯಾನು ತಿರುಗಿಸಿ ಹಾಕಿಸೋಣ."

"ತಿರುಗಿಸಿದ್ರೂ ಅದಿರೋದು ಮೇಲೆ. ಇದು ಕೆಳಗೆ ಇಳಿಯೋದು ಅಂತ ನೀನೇ ಹೇಳಿದೆ" ಅಂದರು. ಕೆಲಸದ ಮಾತು ಬಂದರೆ ಅವರ ತಲೆ ದುಃಖದಲ್ಲೂ ನೆಟ್ಟಗೇ ಓಡುತ್ತದೆ. "ಬೇರೆ ಏನಿದೆ, ಹೇಳು. ಅಂಗಡಿಯವಳಲ್ವಾ ನೀನು?"

ಈ ಸಲ ನನಗೆ ಗೊತ್ತಿತ್ತು. ಎರಡು ದಿನ ನಿದ್ದೆಗೆಟ್ಟು ಓದಿಕೊಂಡದ್ದು ಅದನ್ನೇ. ಕಾಸ್ಟಿಕ್ ಸೋಡಾ ಅಗ್ಗ, ಆದರೆ ಮರವನ್ನು ಕಪ್ಪಾಗಿಸುತ್ತದೆ, ಬಾಗಿಲಿನ ಅಂಚಿನ ಅಲ್ಯೂಮಿನಿಯಮ್ ಪಟ್ಟಿಗಳನ್ನು ತಿಂದುಹಾಕುತ್ತದೆ. ಬಿಸಿಗಾಳಿಯ ಗನ್ನಾಗಲಿ ಎಮರಿ ಕಾಗದವಾಗಲಿ ಬೇಡ. ಇಷ್ಟು ಹಳೇ ಎನಾಮಲ್ಲಿನಲ್ಲಿ ಸೀಸ ಇರಬಹುದು, ಅದರ ಹೊಗೆ, ಧೂಳು ಎರಡೂ ಇನ್ನೂ ಕೆಟ್ಟದ್ದು. ಉಳಿದದ್ದು ನಿಧಾನದ ಜೆಲ್ಲು. ದಪ್ಪಗೆ ಮೆತ್ತಿ, ಮೇಲೆ ಪ್ಲಾಸ್ಟಿಕ್ಕು ಹೊದಿಸಿ, ಒಂದು ದಿನ ಬಿಡಬೇಕು.

"ಒಂದು ದಿನ!" ಅತ್ತೆ ಎದ್ದುನಿಂತರು. "ಅಷ್ಟು ಹೊತ್ತಿಗೆ ಬಣ್ಣಕ್ಕೇ ಬೇಜಾರಾಗಿ ಬಿಟ್ಟುಹೋಗತ್ತೆ."

"ಅದೇ ಅತ್ತೆ ಅದರ ಗುಟ್ಟು."

ಹಿಂದಿನ ಪೆಟ್ಟಿಗೆ ಆಗಲೇ ಕೆಂಪು ಡಬ್ಬಿಯಲ್ಲಿ ಮುಗಿದಿತ್ತು. ಉಳಿದ ಮರದ ಬಾಗಿಲುಗಳನ್ನು ಬಿಚ್ಚಿ ಓಣಿಗೆ ತಂದೆವು. ಟಿಂಕರಣ್ಣ ಟಾರ್ಪಾಲು ಕಟ್ಟಿಕೊಟ್ಟ. ಗ್ಲೌಸು ಹಾಕಿಕೊಂಡು ಜೆಲ್ಲು ಮೆತ್ತಿದೆವು. ಅತ್ತೆಗೆ ಕಾಯಲು ಬರುವುದಿಲ್ಲ. ಗಂಟೆಗೊಮ್ಮೆ ಪ್ಲಾಸ್ಟಿಕ್ಕಿನ ಮೂಲೆ ಎತ್ತಿ ನೋಡುವುದು, "ಏನೂ ಆಗಿಲ್ಲ" ಅನ್ನುವುದು, ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುವುದು. ಅವರ ಹಿಂದೆ ನಾನು, "ಎತ್ತಬೇಡಿ ಅತ್ತೆ, ಒಣಗಿಹೋಗತ್ತೆ" ಅನ್ನುತ್ತ. ಟಿಂಕರಣ್ಣ ನೋಡಿ ನೋಡಿ, "ಹೆರಿಗೆ ಕೋಣೆ ಮುಂದೆ ಗಂಡಂದಿರು ಹೀಗೇ ಓಡಾಡೋದು" ಅಂದ.

ಮರುದಿನ ಪ್ಲಾಸ್ಟಿಕ್ಕು ತೆಗೆದಾಗ ಬಣ್ಣ ಮೂರು ಪದರ ಒಟ್ಟಿಗೆ ಕೆಸರಿನ ಹಾಗೆ ಸಡಿಲವಾಗಿತ್ತು. ಅತ್ತೆ ಮೂಲೆ ದುಂಡು ಮಾಡಿದ ಪಟ್ಟಿಯಿಂದ ಮೆಲ್ಲಗೆ ತಳ್ಳಿದರು. ಕೆಳಗೆ ಜೇನಿನ ಬಣ್ಣದ ಮರ, ಒಂದು ಗೀರಿಲ್ಲ. ಕೆಂಪು ಡಬ್ಬಿಯಲ್ಲಾದರೆ ಅವರು ಉಕ್ಕಿನ ಅಭ್ಯಾಸದಲ್ಲಿ ಪೈಪು ಹಿಡಿದು ನೀರು ಬಿಟ್ಟು ತೊಳೆಯುತ್ತಿದ್ದರು, ಮರದ ಎಳೆಗಳು ರೋಮ ನಿಮಿರಿದ ಹಾಗೆ ಏಳುತ್ತಿದ್ದವು. ಇದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕಾಯಿತು. ಅವರು ಅಂಗೈಯನ್ನು ಮರದ ಮೇಲೆ ಇಟ್ಟು ತೆಗೆಯಲೇ ಇಲ್ಲ.

"ಇಷ್ಟು ವರ್ಷ ಅವಸರ ಮಾಡಿದ್ನಲ್ಲ" ಅಂದರು, ಯಾರಿಗೋ ಹೇಳುವ ಹಾಗೆ.

ಮರದ ಕತೆ ಅದು. ಉಕ್ಕು ಹಾಗೆ ಬಗ್ಗಲಿಲ್ಲ. ಬಾನೆಟ್ಟಿನ ಮೂಲೆಗೆ ಜೆಲ್ಲು ಹಚ್ಚಿ ಒಂದು ದಿನ ಬಿಟ್ಟೆವು, ಮತ್ತೊಂದು ದಿನ ಬಿಟ್ಟೆವು, ಬಿಸಿನೀರಿನ ಚೀಲ ಇಟ್ಟು ಬೆಚ್ಚಗೆ ಮಾಡಿಯೂ ನೋಡಿದೆವು. ಬ್ರೆಡ್ಡಣ್ಣನ ಗಟ್ಟಿ ಬಣ್ಣ ಹೊಳೆಯುತ್ತಲೇ ಇತ್ತು. ವ್ಯಾನು ಓಣಿಗೆ ನುಗ್ಗುವುದಿಲ್ಲ. ಶೆಡ್ಡಿನೊಳಗೆ ಕೆಂಪು ಡಬ್ಬಿ ಇನ್ನೂ ಐದಿದ್ದವು. ಒಂದು ವಾರ ಉಳಿದಿತ್ತು. ಅತ್ತೆ ಡಬ್ಬಿಗಳ ಮುಂದೆ ಹೋಗಿ ನಿಲ್ಲುವುದು, ಬರುವುದು. ಮಗಳು ಇನ್ನೂ ಅಕ್ಕನ ಮನೆಯಲ್ಲೇ ಇದ್ದಳು. ನಾನು ದಿನಕ್ಕೆ ನಾಲ್ಕು ಸಲ ಅಲ್ಲಿಗೂ ಇಲ್ಲಿಗೂ ಓಡಾಡುತ್ತಿದ್ದೆ. ಅಲ್ಲಿದ್ದಾಗ ಅತ್ತೆ ಒಬ್ಬರೇ ಡಬ್ಬಿ ತೆರೆದು ಬಾಗಿರುತ್ತಾರೇನೋ ಅನ್ನಿಸುತ್ತಿತ್ತು, ಇಲ್ಲಿದ್ದಾಗ ಮಗಳು ಅಳುತ್ತಿರುತ್ತಾಳೇನೋ ಅಂತ.

ಸೋಮವಾರ ಅಲ್ಲಿಂದ ಬರುವಾಗ ಶೆಡ್ಡಿನ ಬಾಗಿಲು ಮುಚ್ಚಿತ್ತು. ತಳ್ಳಿಕೊಂಡು ಒಳಗೆ ಹೋದರೆ ಅತ್ತೆ, ಟಿಂಕರಣ್ಣ, ಬ್ರೆಡ್ಡಣ್ಣ ಮೂವರೂ ವ್ಯಾನಿನ ಸುತ್ತ ನಿಂತಿದ್ದರು. ಮುಚ್ಚಿದ ಬಾಗಿಲಿನೊಳಗೆ ಯಾವ ವಾಸನೆಯೂ ಇರಲಿಲ್ಲ, ಫ್ಯಾನೂ ತಿರುಗುತ್ತಿರಲಿಲ್ಲ.

"ಉಕ್ಕು ಇವನು ಮಾಡ್ತಾನೆ. ಊರಾಚೆ ಇವನ ಭಾವನ ಹತ್ರ ಮರಳು ಹೊಡೆದು ಬಣ್ಣ ಕೀಳೋ ಯಂತ್ರ ಇದೆ" ಅಂತ ಅತ್ತೆ ಟಿಂಕರಣ್ಣನನ್ನು ತೋರಿಸಿ ಬ್ರೆಡ್ಡಣ್ಣನಿಗೆ ಹೇಳುತ್ತಿದ್ದರು.

"ನೀವೇ ಮಾಡ್ತೀರ ಅಂತ ತಂದೆ ಅಮ್ಮ."

"ಮರ ಮಾಡಿದೀನಿ. ನೋಡ್ಕೊ. ಇನ್ಮೇಲೆ ನಾನು ಮರ ಮಾತ್ರ."

ಟಿಂಕರಣ್ಣ ಮೊದಲ ಸಲ ತಮಾಷೆ ಮಾಡಲಿಲ್ಲ. "ಅಕ್ಕ, ಕಾರಿನ ಕೆಲಸ ಪೂರ್ತಿನಾ?" ಅಂತ ಮೆಲ್ಲಗೆ ಕೇಳಿದ. ಅರ್ಧಕ್ಕಿಂತ ಹೆಚ್ಚು ಕೆಲಸ ಅದೇ ಅಂತ ಅವನಿಗೂ ಗೊತ್ತು. ಮಾವನ ಜೊತೆ ಅವರು ಮಾಡಿದ್ದೂ ಅದೇ.

"ಪೂರ್ತಿ. ಕೆಂಪು ಡಬ್ಬಿ ಐದಿವೆ, ಅಂಗಡಿಗೆ ವಾಪಸ್ ಹಾಕು" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಗದರಿಸುವ ದನಿಯಲ್ಲಿ, "ಏನ್ ನೋಡ್ತಾ ನಿಂತಿದೀಯ? ಹೋಗಿ ಮಗೂನ ಕರ್ಕೊಂಡ್ ಬಾ" ಅಂದರು.

ಹದಿನೈದು ದಿನವಾಯಿತು. ನಿನ್ನೆ ಒಬ್ಬರು ಕಾರಿನ ಬಾಗಿಲೊಂದನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಅತ್ತೆ ಬೇಡ ಅನ್ನುವ ಬದಲು ಹತ್ತಿ ತರಿಸಿ, ಉಜ್ಜಿ, ಉಗುರಿನಿಂದ ಅಂಚು ನೋಡಿ, ಮೇಲಿನದು ಯಾವುದು, ಕೆಳಗಿನದು ಯಾವುದು, ನಡುವೆ ಯಾವನು ಪ್ರೈಮರ್ ಹೊಡೆಯದೆ ಕದ್ದಿದ್ದಾನೆ ಎಲ್ಲ ವಿವರಿಸಿ, ಯಾವ ಔಷಧಿ ಹಿಡಿಯುತ್ತದೆ, ಅದನ್ನು ಎಂಥ ಜಾಗದಲ್ಲಿ ತೆರೆಯಬಾರದು, ಮನೆಯಲ್ಲಿ ಮಕ್ಕಳಿದ್ದಾರಾ ಅಂತ ಕೂಡ ವಿಚಾರಿಸಿ, ಊರಾಚೆ ಟಿಂಕರಣ್ಣನ ಭಾವನ ಹತ್ತಿರ ಕಳಿಸಿದರು. ಆಟೋ ತಿರುವಿನಲ್ಲಿ ಮರೆಯಾಗುವ ತನಕ ರಸ್ತೆಯಲ್ಲೇ ನಿಂತಿದ್ದರು.

ಒಳಗೆ ಬಂದವರಿಗೆ ಕೈ ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಕೆರೆಯುವ ಪಟ್ಟಿಗಳನ್ನು ಜೋಡಿಸಿದರು, ಮತ್ತೆ ಕಲಸಿದರು. ಖಾಲಿ ಶೆಡ್ಡಿನಲ್ಲಿ ಎರಡು ಸುತ್ತು ಹಾಕಿದರು. ಮಗಳು ಅವರ ಹಿಂದೆ ಹಿಂದೆ ಅಂಬೆಗಾಲಿಡುತ್ತಿದ್ದಳು, ಶೆಡ್ಡಿನ ನೆಲದ ಮೇಲೆಯೇ. ನಾನು ಎತ್ತಿಕೊಳ್ಳಲು ಒಂದು ಹೆಜ್ಜೆ ಮುಂದಿಟ್ಟು, ನನ್ನನ್ನೇ ತಡೆದುಕೊಂಡೆ.

"ಯಾರ ಮನೇಲಾದ್ರೂ ಹಳೇ ಕುರ್ಚಿ ಇದ್ರೆ ವಿಚಾರಿಸೆ" ಅಂದರು ಅತ್ತೆ. "ಒಂದು ದಿನ ಕಾಯೋಕೆ ಏನಾದ್ರೂ ಬೇಕಲ್ಲ ನನಗೆ."